26 ವರ್ಷದ ಮೇಲೆ ಗೆಳೆಯನ ಜೊತೆ ಊಟ: ಕಾರವಾರದಲ್ಲಿ ಎಲ್ಲಿ ಕೂರೋದು, ಏನು ಹೇಳೋದು?

ಬಿಣಗಾದವ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಸಂಜೆ ನನ್ನ ಕಾಲೇಜು ದಿನಗಳ ಗೆಳೆಯ ವಾಸ್ಕೋದಿಂದ ಕಾರವಾರಕ್ಕೆ ಬರ್ತಿದ್ದಾನೆ. 1999ರ ಮೇ ತಿಂಗಳಿಂದ ಈಚೆಗೆ ನಾವು ಮುಖ ನೋಡಿಕೊಂಡಿಲ್ಲ. ವಾಸ್ಕೋ ಏನು ದೂರವಲ್ಲ, ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮುಟ್ಟಬಹುದು. ಆದರೂ 26 ವರ್ಷ ಹೋಯಿತು. ಹಳೆಯ ಸಹಪಾಠಿಗಳ ಗುಂಪಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ, ಅವನೇ ಫೋನ್ ಮಾಡಿದ. "ಮನೆಗೆ ಬೇಡ, ಎಲ್ಲಾದರೂ ಹೊಟೇಲಿನಲ್ಲಿ ಕೂರೋಣ, ನಾವಿಬ್ಬರೇ" ಅಂದ.

ಎರಡು ವಿಷಯ ಕೇಳಬೇಕು. ಮೊದಲನೆಯದು ಸುಲಭದ್ದು. ಜುಲೈ ಕೊನೆಯ ಈ ಮಳೆಯಲ್ಲಿ ಕಾರವಾರದಲ್ಲಿ ರಾತ್ರಿ ಒಳ್ಳೆಯ ಮೀನೂಟ, ಜೊತೆಗೆ ಎರಡು ತಾಸು ಗದ್ದಲವಿಲ್ಲದೆ ಮಾತಾಡಲು ಜಾಗ ಬೇಕೆಂದರೆ ಎಂಥ ಕಡೆ ಹೋಗಬೇಕು?

ಎರಡನೆಯದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವನ ಮನೆ ಅರ್ಗಾದಲ್ಲಿತ್ತು. ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಮನೆಗಳಲ್ಲಿ ಅವರದೂ ಒಂದು. ಹೊಸಬರಿಗಾಗಿ ಹೇಳ್ತೇನೆ: 1986ರಲ್ಲಿ ಶಂಕುಸ್ಥಾಪನೆ ಆಯಿತು, ಆ ನೆಲೆ ಐ.ಎನ್.ಎಸ್. ಕದಂಬ ಅನ್ನುವ ಹೆಸರಿನಲ್ಲಿ 2005ರ ಮೇ 31ರಂದು ಸೇವೆಗೆ ಸೇರಿತು. ಈ ನಡುವಿನ ವರ್ಷಗಳಲ್ಲಿ ಕಾರವಾರ, ಅಂಕೋಲಾ ತಾಲ್ಲೂಕಿನ ಹಲವು ಹಳ್ಳಿಗಳ ಜನ ಗಂಟುಮೂಟೆ ಕಟ್ಟಿದರು. 1999ರ ಮೇನಲ್ಲಿ ಗೆಳೆಯನ ಮನೆಯವರು ತಾವೇ ಹೆಂಚು ಇಳಿಸಿ, ಬಾಗಿಲು ಕಿತ್ತು, ಲಾರಿಗೆ ಹೇರುವ ದಿನ ನಾನು ಬರ್ತೇನೆ ಅಂದಿದ್ದೆ. ಹೋಗಲಿಲ್ಲ.

ಕಾರಣ ಇದು. ಆ ತಿಂಗಳೇ ನನಗೆ ಒಬ್ಬ ಗುತ್ತಿಗೆದಾರರ ಬಳಿ ಕೆಲಸ ಸಿಕ್ಕಿತ್ತು, ಸೈಟಿನಲ್ಲಿ ಲೆಕ್ಕ ಬರೆಯೋದು. ಆ ಸೈಟು ಅದೇ ನೌಕಾನೆಲೆಯ ಕಾಂಪೌಂಡ್ ಗೋಡೆಯದು. ಅಪ್ಪನಿಗೆ ಮೈ ಸರಿ ಇರಲಿಲ್ಲ, ಮನೆಯಲ್ಲಿ ದುಡಿಯುವವರು ಬೇರೆ ಇರಲಿಲ್ಲ. ಕೆಲಸ ಒಪ್ಪಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಆದರೆ ಗೆಳೆಯನಿಗೆ ಹೇಳಲು ನಾಲಿಗೆ ಏಳಲಿಲ್ಲ. ಹೇಳದೆ ಅವನ ಮನೆಯಂಗಳದಲ್ಲಿ ನಿಂತು ಹೆಂಚು ಇಳಿಸಲು ಧೈರ್ಯವಾಗಲಿಲ್ಲ. ಅವನು ಕಾದನೋ, ಏನೆಂದುಕೊಂಡನೋ ತಿಳಿಯದು. ಎರಡು ಪತ್ರ ಬರೆದ, ನಾನು ಉತ್ತರಿಸಲಿಲ್ಲ.

ಈಗ ಊಟಕ್ಕೆ ಕೂತಾಗ ಇದನ್ನು ಹೇಳಬೇಕಾ? ಇಷ್ಟು ವರ್ಷದ ಮೇಲೆ ಖುಷಿಯಿಂದ ಬರುವವನ ತಟ್ಟೆಗೆ ಇದನ್ನು ಬಡಿಸೋದು ಸರಿಯಾ? ಯೋಚಿಸಿ ಹೇಳಿ.

ಕೋಡಿಬಾಗದ ಅಕ್ಕ

ಮೊದಲು ಮೀನಿನ ವಿಷಯ ಹೇಳಿಬಿಡ್ತೇನೆ, ಅದು ನನಗೆ ಗೊತ್ತಿರುವ ವಿಷಯ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಬೈತಖೋಲ ಬಂದರಿನಲ್ಲಿ ಬೋಟೆಲ್ಲ ದಡಕ್ಕೆ ಕಟ್ಟಿರ್ತಾವೆ. ಹಾಗಾಗಿ ಹೊಟೇಲಿನಲ್ಲಿ ಇಸೋಣ, ಪಾಪ್ಲೆಟ್ ಇದೆ ಅಂದರೆ ಅದು ಹೆಚ್ಚಾಗಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇರೆ ಕಡೆಯಿಂದ ಬಂದದ್ದು. ಬೆಲೆ ದುಪ್ಪಟ್ಟು, ರುಚಿ ಅರ್ಧ. ನೀವು ಕೂತ ಕೂಡಲೇ ಮೆನು ನೋಡಬೇಡಿ, "ಇವತ್ತು ಹೊಳೆಯದ್ದು ಏನಿದೆ?" ಅಂತ ಕೇಳಿ. ಕಾಳಿ ಹೊಳೆಯಲ್ಲಿ ಬಲೆ ಬೀಸುವವರು ಮಳೆಗಾಲದಲ್ಲೂ ಇರ್ತಾರೆ. ನೊಗ್ಲಿ (ಕಾಣೆ ಮೀನು) ಸಿಕ್ಕರೆ ರವಾ ಫ್ರೈ ಹೇಳಿ. ಶೇವಟೆ ಮೀನು ಸಿಕ್ಕರೆ ಹುಮಣ, ಅಂದರೆ ತೆಂಗಿನಕಾಯಿ ಸಾರು, ಮಾಡಿಸಿ. ಎರಡೂ ಇಲ್ಲದಿದ್ದರೆ ಒಣ ಶೆಟ್ಲಿಯ (ಸಿಗಡಿಯ) ಕಿಸ್ಮೂರು, ಅಂದರೆ ಕಾಯಿತುರಿ ಹಾಕಿ ಕಲಸಿದ್ದು, ಉಕಡೆ (ಕುಚ್ಚಲು) ಅಕ್ಕಿ ಅನ್ನ, ಕುಡಿಯಲು ಕೋಕಂನ ಸೋಲ್ ಕಡಿ ಸಾಕು. ಮಳೆಗಾಲದಲ್ಲಿ ನಮ್ಮ ಅಜ್ಜಿಯರು ಮಾಡುತ್ತಿದ್ದ ಊಟ ಅದೇ ಅಲ್ವಾ? ವಾಸ್ಕೋದಲ್ಲಿ ಇದ್ದವನಿಗೆ ಮೀನಿಗೇನೂ ಬರವಿಲ್ಲ. ಆದರೆ ತಿರ್ಫಳದ ಮಸಾಲೆ ಕಾಯಿ ಜಜ್ಜಿ ಹಾಕಿದ ಇಲ್ಲಿಯ ಬಂಗಡೆ ಸಾರಿನ ವಾಸನೆ ಬಂದರೆ ಅವನಿಗೆ ಗೊತ್ತಾಗ್ತದೆ.

ಥಾಳಿ ಮಧ್ಯಾಹ್ನದ ಊಟ. ರಾತ್ರಿ ಸಿಕ್ಕಿದರೂ ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿ ಹಾಕ್ತಾರೆ. ಸಂಜೆಯೇ ಫೋನ್ ಮಾಡಿ ಎರಡು ಜನರಿಗೆ ಹೊಸದಾಗಿ ಮಾಡಿಡಲು ಹೇಳಿ. ಸಣ್ಣ ಖಾನಾವಳಿಯವರು ಖುಷಿಯಿಂದ ಮಾಡ್ತಾರೆ.

ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ತಮ್ಮಾ. ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ಶಿರಸಿ ಕಡೆಯವ

ಜಾಗದ ಬಗ್ಗೆ ಒಂದು ಮಾತು. ದಯವಿಟ್ಟು ಟಿ.ವಿ. ಹಾಕಿರುವ ಕಡೆ, ಬಾರ್ ಇರುವ ಕಡೆ ಹೋಗಬೇಡಿ.

2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಗೆ ನನ್ನ ಹಾಸ್ಟೆಲ್ ಗೆಳೆಯ ಶಿರಸಿಗೆ ಬಂದಿದ್ದ. ಹನ್ನೆರಡು ವರ್ಷದ ನಂತರದ ಭೇಟಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಪೇಟೆಯಲ್ಲಿ ಕಾಲಿಡಲು ಜಾಗ ಇಲ್ಲ. ಹೊಟೇಲಿನಲ್ಲಿ ನಾವು ಕೂತ ಕುರ್ಚಿಯ ಹಿಂದೆಯೇ ಮತ್ತೊಂದು ಸಂಸಾರ ನಿಂತು ನಮ್ಮ ಎಲೆ ಯಾವಾಗ ಖಾಲಿಯಾಗ್ತದೆ ಅಂತ ನೋಡ್ತಾ ಇತ್ತು. ಹದಿನೈದು ನಿಮಿಷದಲ್ಲಿ ಉಂಡು ಎದ್ದೆವು. ಅವನಿಗೆ ಮನೆಯಲ್ಲಿ ಏನೋ ಕಷ್ಟ ಇತ್ತು, ಹೇಳಬೇಕು ಅಂತ ಬಂದಿದ್ದ. ಅದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಬೇರೆಯವರ ಬಾಯಿಂದ. ಇವತ್ತಿಗೂ ಆ ಊಟ ನೆನಪಾದರೆ ಸಂಕಟ ಆಗ್ತದೆ. ಮನೆಗೆ ಕರೆದುಕೊಂಡು ಹೋಗಿ ಒಂದು ತಂಬುಳಿ ಅನ್ನ ಹಾಕಿ ಜಗುಲಿಯಲ್ಲಿ ಕೂರಿಸಬೇಕಿತ್ತು.

ಹಾಗಾಗಿ ಮೀನು ಹೇಗಿದ್ದರೂ ಅಡ್ಡಿಲ್ಲೆ, ಮೂಲೆಯ ಟೇಬಲ್ ಹಿಡಿಯಿರಿ. ಎಂಟು ಗಂಟೆಯೊಳಗೆ ಹೋಗಿ. ಮಾಲೀಕರಿಗೆ ಮೊದಲೇ ಹೇಳಿ, "ನಾವು ಸ್ವಲ್ಪ ಹೊತ್ತು ಕೂರುವವರು" ಅಂತ. ಹೇಳಿದರೆ ಯಾರೂ ಎಬ್ಬಿಸೋದಿಲ್ಲ ಮಾರಾಯ್ರೆ.

ತೋಡೂರು ಕಾಲೊನಿ

ಸೀಬರ್ಡಿಗೆ ನಮ್ಮ ಮನೆಯೂ ಹೋಗಿದೆ. ಹಾಗಾಗಿ ನೇರವಾಗಿ ಹೇಳ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ.

ನೀವು ಕೆಲಸಕ್ಕೆ ಸೇರಿದ್ದು ತಪ್ಪಲ್ಲ. ನಮ್ಮ ಓಣಿಯ ಎಷ್ಟೋ ಹುಡುಗರು ಅದೇ ಗೋಡೆಗೆ ಕಲ್ಲು ಹೊತ್ತಿದ್ದಾರೆ, ಅದರಲ್ಲೇ ಮನೆ ನಡೆದಿದೆ. ಆದರೆ ಬರ್ತೇನೆ ಅಂತ ಹೇಳಿ ಬಾರದೇ ಇದ್ದದ್ದು ತಪ್ಪು. ಮನೆ ಬಿಚ್ಚುವ ದಿನ ಕೈ ಎಷ್ಟಿದ್ದರೂ ಸಾಲದು. ಹೆಂಚು ಇಳಿಸುವವನು ಒಬ್ಬ, ಕೆಳಗೆ ಹಿಡಿಯುವವನು ಒಬ್ಬ, ಹೊತ್ತು ಒಯ್ಯುವವನು ಒಬ್ಬ. ಒಬ್ಬ ಬಾರದಿದ್ದರೆ ಸಾಲು ಮುರೀತದೆ. ನನಗಾಗ ಹದಿಮೂರು ವರ್ಷ. ಯಾರು ಬಂದರು, ಯಾರು ಬರಲಿಲ್ಲ ಅಂತ ಹೆಸರು ಹಿಡಿದು ಇವತ್ತೂ ಹೇಳಬಲ್ಲೆ. ನಿಮ್ಮ ಗೆಳೆಯನಿಗೂ ನೆನಪಿರ್ತದೆ, ಮರೆತಿದ್ದಾನೆ ಅಂತ ತಿಳಿಯಬೇಡಿ.

ಹೇಳಿ. ಹೇಳದೆ ಇನ್ನೊಂದು ಊಟ ಉಣ್ಣಬೇಡಿ.

ರಾಮನಗರದವಳು

ತೋಡೂರಿನವರ ಮಾತು ಒಪ್ತೇನೆ, ಸ್ವಲ್ಪ ಸೇರಿಸ್ತೇನೆ. ನಮ್ಮ ಹಿರಿಯರು ಹಳೇ ಸೂಪಾದವರು. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಊರಿಗೆ ಊರೇ ಮುಳುಗಿ, ರಾಮನಗರಕ್ಕೆ ಬಂದವರು. ನಮ್ಮ ಅಜ್ಜಿಯ ಬಳಿ ಬಂದು ಸಮಾಧಾನ ಹೇಳಿದವರು ಬಹಳ ಜನ. "ಪಾಪ, ಎಷ್ಟು ಕಷ್ಟ ಆಯಿತು ನಿಮಗೆ" ಅಂದರೆ ಅವಳು ಎದ್ದು ಒಳಗೆ ಹೋಗ್ತಿದ್ದಳು. ಆದರೆ ಸೂಪಾದ ಸಂತೆಯ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ ಅಡಿಗೆ ಬಿಟ್ಟು ಬಂದು ಕೂರ್ತಿದ್ದಳು. ಯಾರ ಅಂಗಡಿ ಎಲ್ಲಿತ್ತು, ದೋಣಿ ಎಲ್ಲಿ ಕಟ್ಟುತ್ತಿದ್ದರು, ಅದೇ ಮಾತು ಬೇಕಿತ್ತು ಅವಳಿಗೆ.

ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳಲು ಹೇಳಬೇಡಿ. ಅವರು ಊರಿನ ಮಾತು ತೆಗೆಯುವವರೆಗೆ ಕಾಯಿರಿ. ತೆಗೆದೇ ತೆಗೀತಾರೆ. ಇಲ್ಲದಿದ್ದರೆ ವಾಸ್ಕೋದಿಂದ ಇಲ್ಲಿಯವರೆಗೆ ಯಾಕೆ ಬರ್ತಾರೆ?

ಕುಮಟೆಯ ನಿವೃತ್ತ ಮೇಷ್ಟ್ರು

ಎರಡು ಸಣ್ಣ ಸೂಚನೆ. ಕೊಂಕಣ ರೈಲ್ವೆಯಲ್ಲಿ ಈಗ ಮಳೆಗಾಲದ ವೇಳಾಪಟ್ಟಿ, ರೈಲುಗಳ ವೇಗ ಕಡಿಮೆ ಮಾಡಿರ್ತಾರೆ. ಗೆಳೆಯರು ರೈಲಿನಲ್ಲಿ ಬರುವುದಾದರೆ ಹಳೆಯ ಸಮಯ ನಂಬಬೇಡಿ. ನಿಲ್ದಾಣ ಇರುವುದು ಶಿರವಾಡದಲ್ಲಿ, ರಾತ್ರಿ ಮಳೆಯಲ್ಲಿ ರಿಕ್ಷಾ ಸಿಗುವುದು ಕಷ್ಟ. ನೀವೇ ಹೋಗಿ ಕರೆತನ್ನಿ.

ಬಿಲ್ಲಿಗಾಗಿ ಕೈ ಕೈ ಎಳೆದಾಡಬೇಡಿ. ನಿಮ್ಮ ಊರಿಗೆ ಬಂದವರು, ನೀವು ಕೊಡಿ. ಅವರ ಊರಿಗೆ ಹೋದಾಗ ಅವರು ಕೊಡಲಿ. ಮತ್ತೊಮ್ಮೆ ಭೇಟಿಯಾಗಲು ಅದೂ ಒಂದು ನೆಪ.

ಬಿಣಗಾದವ

ಎಲ್ಲರಿಗೂ ಧನ್ಯವಾದ. ತೋಡೂರಿನವರೇ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಆ ಸಾಲಿನಲ್ಲಿ ನನ್ನ ಜಾಗ ಖಾಲಿ ಇತ್ತು ಅನ್ನುವುದು ನನಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ಹೋಗಿ ಬಂದು ಬರೀತೇನೆ.

ಬಿಣಗಾದವ (ಸೋಮವಾರ)

ಹೋಗಿ ಬಂದೆ. ನಿನ್ನೆ ಪೂರ್ತಿ ಬರೆಯಲು ಆಗಲಿಲ್ಲ.

ರೈಲು ಮುಕ್ಕಾಲು ತಾಸು ತಡ. ಶಿರವಾಡದಲ್ಲಿ ಕೊಡೆ ಹಿಡಿದು ನಿಂತಿದ್ದೆ. ತಲೆ ಪೂರಾ ನೆರೆತಿದೆ, ಮೈ ತುಂಬಿಕೊಂಡಿದ್ದಾನೆ. ಆದರೆ ಬಲಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುವ ನಡಿಗೆ ಅದೇ, ಅದರಿಂದ ಗುರುತು ಸಿಕ್ಕಿತು. "ಕಸೋ ಆಸಾ ರೇ?" ಅಂತ ಹೆಗಲ ಮೇಲೆ ಕೈ ಹಾಕಿದ. ಆಮೇಲೆ ಪೂರ್ತಿ ಕೊಂಕಣಿಯಲ್ಲೇ ಮಾತಾಡಿದೆವು, ಇಲ್ಲಿ ಕನ್ನಡದಲ್ಲಿ ಬರೀತಿದ್ದೇನೆ.

ಅಕ್ಕ ಹೇಳಿದ ಹಾಗೆ ಸಂಜೆಯೇ ಫೋನ್ ಮಾಡಿದ್ದೆ. ಸಣ್ಣ ಖಾನಾವಳಿ, ಐದು ಟೇಬಲ್. ಮೇಲೆ ತಗಡಿನ ಮಾಡು, ಮಳೆ ಜೋರಾದಾಗ ಇಬ್ಬರೂ ಮಾತು ನಿಲ್ಲಿಸಿ ಕಾಯಬೇಕಿತ್ತು. ಹೊಳೆಯ ನೊಗ್ಲಿ ಇತ್ತು, ಒಣ ಶೆಟ್ಲಿ ಕಿಸ್ಮೂರು ಇತ್ತು. ಬಂಗಡೆಯ ತಿರ್ಫಳ ಸಾರನ್ನು ಮಾಲೀಕರ ಹೆಂಡತಿ ಎರಡು ಬಟ್ಟಲು ಬೇರೆಯಾಗಿ ಮಾಡಿಟ್ಟಿದ್ದರು.

ಮೊದಲ ಅರ್ಧ ತಾಸು ಮಕ್ಕಳು, ಕೆಲಸ, ಸಕ್ಕರೆ ಕಾಯಿಲೆ. ಅವನು ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿ ಸೇರಿದವನು ಈಗ ಫೋರ್‌ಮನ್. ಎರಡು ಹೆಣ್ಣುಮಕ್ಕಳು. ಕಾಳಿ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಸುದ್ದಿಯನ್ನು ಬೆಳಿಗ್ಗೆ ಟಿ.ವಿ.ಯಲ್ಲಿ ನೋಡಿ ಕೆಲಸಕ್ಕೆ ಹೋಗದೆ ಕೂತಿದ್ದನಂತೆ. ನಾವು ಆ ಸೇತುವೆಯ ಮೇಲೆ ಸೈಕಲ್ ಹೊಡೆದು ಸದಾಶಿವಗಡಕ್ಕೆ ಹೋಗುತ್ತಿದ್ದವರು. ಲಾರಿ ಹೊಳೆಗೆ ಬಿದ್ದರೂ ಚಾಲಕ ಬದುಕಿದ ಅಂತ ಕೇಳಿದ ಮೇಲೇ ಚಹಾ ಕುಡಿದನಂತೆ.

ಹೀಗೆ ಮಾತಾಡುತ್ತಲೇ ಅವನು ತನ್ನ ತಟ್ಟೆಯ ನೊಗ್ಲಿಯ ಬೆನ್ನಿನ ಉದ್ದಕ್ಕೂ ಹೆಬ್ಬೆರಳು ಒತ್ತಿದ, ತಲೆ ಹಿಡಿದು ಮೆಲ್ಲಗೆ ಎತ್ತಿದ. ನಡುಮುಳ್ಳು ಬಾಲದವರೆಗೆ ಒಂದೇ ಎಳೆತಕ್ಕೆ ಬಂತು. ಮುಳ್ಳಿಲ್ಲದ ಆ ಮೀನನ್ನು ಮಾತು ನಿಲ್ಲಿಸದೆ ನನ್ನ ತಟ್ಟೆಗೆ ಹಾಕಿದ, ನನ್ನ ಮೀನು ತಾನು ತೆಗೆದುಕೊಂಡ. ಚಿಕ್ಕಂದಿನಲ್ಲಿ ಒಮ್ಮೆ ಮುಳ್ಳು ಸಿಕ್ಕಿಕೊಂಡು ಆಸ್ಪತ್ರೆಗೆ ಹೋದ ಮೇಲೆ ನನಗೆ ಮುಳ್ಳಿನ ಮೀನೆಂದರೆ ಭಯ. ಅರ್ಗಾದ ಅವರ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅವನು ಬಿಡಿಸಿ ಕೊಡುತ್ತಿದ್ದ. ನಾನೇ ಅದನ್ನು ಮರೆತಿದ್ದೆ.

ನನಗೆ ಗಂಟಲು ಕಟ್ಟಿತು. ಆದರೂ ರಾಮನಗರದ ತಂಗಿಯ ಮಾತು ನೆನಪಿಟ್ಟುಕೊಂಡು ಸುಮ್ಮನಿದ್ದೆ. ಸೋಲ್ ಕಡಿ ಬಂದ ಮೇಲೆ ಅವನೇ ಕೇಳಿದ: "ಆವತ್ತು ಯಾಕೆ ಬರಲಿಲ್ಲ?"

ಹೇಳಿದೆ. ಕೆಲಸ, ಗೋಡೆ, ಅಪ್ಪನ ಕಾಯಿಲೆ, ಉತ್ತರ ಬರೆಯದ ಎರಡು ಪತ್ರ. ಒಂದನ್ನೂ ಬಿಡಲಿಲ್ಲ. ಅವನ ಕೈ ತಟ್ಟೆಯ ಮೇಲೇ ನಿಂತಿತ್ತು. ನಂತರ ಅಂದ, "ಸಿಟ್ಟು ಬಂದಿತ್ತು. ಬಹಳ ವರ್ಷ ಇತ್ತು. ಆಯಿ ಮಧ್ಯಾಹ್ನದವರೆಗೆ ನಿನ್ನ ಪಾಲಿನ ಗಂಜಿ ಮುಚ್ಚಿಟ್ಟಿದ್ದಳು." ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

ಆಮೇಲೆ ಅವನು ಕೇಳಿದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. "ಹಾಗಾದರೆ ನಾವು ಹೋದ ಮೇಲೆ ನೀನು ಮನೆ ನೋಡಿದ್ದೀಯಾ?"

ನೋಡಿದ್ದೆ. ದಿನವೂ ನೋಡುತ್ತಿದ್ದೆ. ಗೋಡೆಯ ಗೆರೆ ಅವರ ಹಿತ್ತಲಿನಿಂದ ಸ್ವಲ್ಪ ದೂರದಲ್ಲೇ ಹೋಗಿತ್ತು. ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಒಂದೊಂದೇ ಕೇಳಿದ, ನಾನು ನೆನಪಿದ್ದಷ್ಟು ಹೇಳಿದೆ. ಮಾಡು ಇಲ್ಲದ ಗೋಡೆಗಳು ಆ ಮಳೆಗಾಲ ಪೂರ್ತಿ ನಿಂತಿದ್ದವು. ಅಡಿಗೆಮನೆಯ ಗೋಡೆಯಲ್ಲಿ ಹೊಗೆಯ ಕಪ್ಪು ಮಳೆಗೆ ತೊಳೆದುಹೋಗಲು ಆಗಸ್ಟ್ ಬಂತು. ತುಳಸಿಕಟ್ಟೆಯಲ್ಲಿ ಗಿಡ ಒಣಗಿತ್ತು, ಬುಡದಲ್ಲಿ ಮತ್ತೆ ಚಿಗುರಿತು. ಹಿತ್ತಲ ಹಲಸು ಮರು ವರ್ಷದ ಮೇನಲ್ಲಿ ಬುಡದಿಂದ ಕಾಯಿ ಬಿಟ್ಟಿತು, ಕೆಲಸದವರು ಕೊಯ್ದು ತಿಂದರು, ನನಗೂ ಒಂದು ಸೊಳೆ ಕೊಟ್ಟಿದ್ದರು. ಅದನ್ನು ಹೇಳುವಾಗ ತಡವರಿಸಿದೆ. ಅವನು "ಸಿಹಿ ಇತ್ತಾ?" ಅಂದ. ಇತ್ತು ಅಂದೆ.

ಬಾವಿಯ ಬಗ್ಗೆ ಕೊನೆಗೆ ಕೇಳಿದ. ಚಿರೆಕಲ್ಲಿನ ಬಾವಿ, ಅವನ ಅಜ್ಜ ತೋಡಿಸಿದ್ದು. ಮಣ್ಣು ಹಾಕಿ ಮುಚ್ಚಿದ ಎರಡು ದಿನ ಟ್ರಿಪ್ ಶೀಟ್ ಬರೆದವನು ನಾನೇ. ಹದಿನಾಲ್ಕು ಟ್ರಿಪ್. ಆ ಕೆಲಸದಲ್ಲಿ ಬರೆದ ಸಾವಿರ ಅಂಕಿಗಳಲ್ಲಿ ಇವತ್ತಿಗೂ ಬಾಯಲ್ಲಿ ನಿಂತಿರುವುದು ಅದೊಂದೇ. "ಹದಿನಾಲ್ಕು" ಅಂತ ಅವನೂ ಮೆಲ್ಲಗೆ ಅಂದ. "ನೀರು ಇತ್ತಾ ಆಗ?" ಇತ್ತು. ಮಾರ್ಚ್ ತಿಂಗಳಲ್ಲೂ ಆಳು ಮುಳುಗುವಷ್ಟು ಇತ್ತು. ಮೊದಲ ಟ್ರಿಪ್ ಹಾಕಿದಾಗ ನೀರು ಮೇಲಕ್ಕೆ ಬಂತು. ಅವನು ತಲೆ ತಗ್ಗಿಸಿ, ತಟ್ಟೆಯ ಅಂಚಿನಲ್ಲಿದ್ದ ತಿರ್ಫಳವನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಾ ಬಹಳ ಹೊತ್ತು ಕೂತ.

"ನಾವು ಲಾರಿ ಹತ್ತಿ ತಿರುಗಿ ನೋಡಿದ್ದೇ ಕೊನೆ. ಆಮೇಲೆ ಏನಾಯಿತು ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಆಯಿ ಇವತ್ತಿಗೂ ಕೇಳ್ತಾಳೆ" ಅಂದ.

ಹತ್ತೂವರೆಗೆ ಎದ್ದೆವು. ಬಿಲ್ಲು ನಾನು ಕೊಟ್ಟೆ, ಮೇಷ್ಟ್ರೇ, ಎಳೆದಾಟ ಆಗಲಿಲ್ಲ. ಹೊಸ ಸುರಂಗ ಅವನು ನೋಡಿರಲಿಲ್ಲ. ಅದರಲ್ಲೇ ಬಿಣಗಾ ದಾಟಿ ಅರ್ಗಾದವರೆಗೆ ಕರೆದುಕೊಂಡು ಹೋದೆ. ಗಾಡಿ ನಿಲ್ಲಿಸಲಿಲ್ಲ, ನಿಧಾನ ಮಾಡಿದೆ ಅಷ್ಟೇ. ಗೋಡೆ ಮಳೆಯಲ್ಲಿ ಒದ್ದೆಯಾಗಿತ್ತು. ಅವನು ಗಾಜು ಇಳಿಸಿ ಕೈ ಹೊರಗೆ ಹಾಕಿದ.

ತೋಡೂರು ಕಾಲೊನಿ

ಓದಿದೆ. ನಮ್ಮ ಬಾವಿಯ ಲೆಕ್ಕ ಯಾರು ಬರೆದರೋ. ನೀವು ಹೇಳಿದ್ದು ಒಳ್ಳೆಯದಾಯಿತು ಅಣ್ಣಾ. ಒಮ್ಮೆ ನಮ್ಮ ಕಾಲೊನಿಗೂ ಬನ್ನಿ, ನಮ್ಮಪ್ಪ ಇದ್ದಾರೆ. ನಮ್ಮ ಮನೆ ಶಾಲೆಯ ಹಿಂದಿನ ತೋಟದ ಪಕ್ಕ ಇತ್ತು, ಹೊರಗೆ ದೊಡ್ಡ ಉಂಡೆಮರ ಎರಡು. ಆ ಕಡೆ ನೀವು ಓಡಾಡಿದ್ದರೆ ಅಪ್ಪನಿಗೆ ಕೇಳುವುದು ಬಹಳ ಇದೆ.

ಬಿಣಗಾದವ

ಉಂಡೆಮರ ನೆನಪಿದೆ. ಎರಡರಲ್ಲಿ ಒಂದರ ಟೊಂಗೆ ಸಿಡಿಲಿಗೆ ಸುಟ್ಟಿತ್ತು ಅಲ್ವಾ? ಖಂಡಿತ ಬರ್ತೇನೆ. ಈ ಗುರುವಾರ ಸಂಜೆ ಆಗ್ತದಾ ನೋಡಿ.

ತೋಡೂರು ಕಾಲೊನಿ

ಹೌದು, ಅದೇ. ಸಮುದ್ರದ ಬದಿಯದು. ಅಪ್ಪನಿಗೆ ಈಗಲೇ ಹೇಳಿದೆ, ಎದ್ದು ಕೂತಿದ್ದಾರೆ.

ಶಿರಸಿ ಕಡೆಯವ

ಓದಿ ಮುಗಿಸಿ ನನ್ನ ಹಾಸ್ಟೆಲ್ ಗೆಳೆಯನಿಗೆ ಫೋನ್ ಮಾಡಿದೆ. ಚೌತಿಗೆ ಮನೆಗೆ ಬಾ ಅಂದೆ. ಬರ್ತೇನೆ ಅಂದಿದ್ದಾನೆ, ಈ ಸಲ ಎರಡು ದಿನ ಇರ್ತಾನಂತೆ.

ಕೋಡಿಬಾಗದ ಅಕ್ಕ

ಗಂಜಿ ಮುಚ್ಚಿಟ್ಟಿದ್ದ ಆ ತಾಯಿ ಈಗ ಎಲ್ಲಿದ್ದಾರೆ ತಮ್ಮಾ? ಹೇಗಿದ್ದಾರೆ?

ಬಿಣಗಾದವ

ವಾಸ್ಕೋದಲ್ಲಿ ಮಗನ ಜೊತೆಯಲ್ಲೇ ಇದ್ದಾರೆ ಅಕ್ಕಾ. 82 ವರ್ಷ. ಕಣ್ಣು ಮಂದ, ಕಿವಿ ಚುರುಕು. ಭಾನುವಾರ ಮನೆಗೆ ಮುಟ್ಟಿದವನೇ ಫೋನ್ ಹಚ್ಚಿ ಅವರ ಕೈಗೆ ಕೊಟ್ಟ. ಹಲಸಿನ ಮರದ ಬಗ್ಗೆ ಎರಡು ಸಲ ಹೇಳಿಸಿದರು. ಫೋನಿನಲ್ಲಿ ಸರಿ ಕೇಳೋದಿಲ್ಲ, ಎದುರಿಗೆ ಕೂತು ಹೇಳು ಅಂದರು. ನಾರಳಿ ಹುಣ್ಣಿಮೆ ಕಳೆದ ಮೇಲೆ ಹೋಗ್ತೇನೆ. ಕಾರವಾರ ಪೇಟೆಯ ಒಣ ಶೆಟ್ಲಿ ಒಂದು ಕಿಲೋ ತರಬೇಕಂತೆ, ಅಲ್ಲಿಯದಕ್ಕೆ ಉಪ್ಪು ಹೆಚ್ಚು ಅಂತ. ಯಾರ ಹತ್ತಿರ ಒಳ್ಳೆಯದು ಸಿಗ್ತದೆ, ಹೇಳ್ತೀರಾ?

ಕೋಡಿಬಾಗದ ಅಕ್ಕ

ಕೊಳ್ಳಬೇಡ. ನಮ್ಮ ಮನೆಯಲ್ಲಿ ಏಪ್ರಿಲಿನ ಬಿಸಿಲಿಗೆ ಒಣಗಿಸಿದ್ದು ಡಬ್ಬಿಯಲ್ಲಿದೆ. ಹೋಗುವ ಹಿಂದಿನ ದಿನ ಬಂದು ತಗೊಂಡು ಹೋಗು.